ಓಣಿಗೊಂದೇ ಟಿಸಿ, ಮನೆಮನೆಗೆ ಎಲೆಕ್ಟ್ರಿಕ್ ಗಾಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ನವನಗರ, ವಿದ್ಯಾಗಿರಿ ಕಡೆ ಯಾವ ಮನೆಗೆ ಹೋದರೂ ಈಗ ಗಾಡಿ ಚಾರ್ಜಿಂಗ್ ಮಾತು ಬಂದೇ ಬರುತ್ತದೆ. ವಿಜಯಪುರ, ಬೆಳಗಾವಿಯ ಪರಿಚಯದವರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಹುಕ್ಕೇರಿಯ ವಿದ್ಯುತ್ ಸಹಕಾರಿ ಸಂಘದ ಭಾಗ ಬಿಟ್ಟರೆ ಮೂರೂ ಜಿಲ್ಲೆಗೆ ಕರೆಂಟ್ ಕೊಡುವುದು ಹೆಸ್ಕಾಂ. ಹಾಗಾಗಿ ದರ, ನಿಯಮ ಎಲ್ಲ ಕಡೆ ಒಂದೇ. ಹೆಚ್ಚು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಓಣಿಯಲ್ಲಿ ನಾಲ್ಕೈದು ಎಲೆಕ್ಟ್ರಿಕ್ ಗಾಡಿ ಬಂದರೆ ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಸುಡುತ್ತದಾ?

ಸ್ಕೂಟರ್ ಆದರೆ ಇಲ್ಲ. ಒಂದು ಸ್ಕೂಟರ್ ಚಾರ್ಜರ್ ಎಳೆಯುವುದು ಸಾಮಾನ್ಯವಾಗಿ 600ರಿಂದ 1000 ವ್ಯಾಟ್. ಇಸ್ತ್ರಿ ಪೆಟ್ಟಿಗೆಯಷ್ಟು ಅಂದುಕೊಳ್ಳಿ. ಸ್ನಾನದ ಗೀಸರ್ ಇದರ ಎರಡು ಪಟ್ಟು ಎಳೆಯುತ್ತದೆ. ಆದರೆ ಗೀಸರ್ ಕಾಲು ತಾಸಿಗೆ ಆಫ್ ಆಗುತ್ತದೆ, ಸ್ಕೂಟರ್ ಮೂರ್ನಾಲ್ಕು ತಾಸು ಎಳೆಯುತ್ತಲೇ ಇರುತ್ತದೆ. ವ್ಯತ್ಯಾಸ ಇಷ್ಟೇ.

ಕಾರಿನ ಮಾತು ಬೇರೆ. ಕಾರಿನ ಜೊತೆ ಬರುವ ಚಾರ್ಜರನ್ನು ಮನೆಯ ಪವರ್ ಪ್ಲಗ್ಗಿಗೆ ಹಚ್ಚಿದರೆ ಸುಮಾರು 3 ಕಿಲೋವ್ಯಾಟ್ ಬೇಕು. ಗೋಡೆಗೆ ಕೂರಿಸುವ ದೊಡ್ಡ ಚಾರ್ಜರ್ ಆದರೆ 7.2 ಕಿಲೋವ್ಯಾಟ್.

ಈಗ ಟಿಸಿ ಕಡೆ ನೋಡಿ. ಕಂಬದ ಮೇಲಿನ ಟಿಸಿಗಳು 25, 63, 100, 250 ಕೆವಿಎ ಹೀಗೆ ಬರುತ್ತವೆ. ಕೆವಿಎ ಅಂದರೆ ಟಿಸಿ ಹೊರಬಲ್ಲ ಲೋಡ್, ಕೈಲೆಕ್ಕಕ್ಕೆ ಕಿಲೋವ್ಯಾಟ್ ಎಂದೇ ಹಿಡಿಯಿರಿ. ನಿಮ್ಮ ಓಣಿಯದು 100 ಕೆವಿಎ ಎನ್ನಿ. ಅದರ ಕೆಳಗೆ 60 ಮನೆ ಇವೆ ಎನ್ನಿ. ಸಂಜೆ 7ಕ್ಕೆ ಒಂದೊಂದು ಮನೆ ಸರಾಸರಿ 1 ಕಿಲೋವ್ಯಾಟ್ ಎಳೆದರೂ 60 ಆಯಿತು. ಉಳಿದದ್ದು 40ರೊಳಗೆ. ಅದೇ ಹೊತ್ತಿಗೆ 12 ಕಾರು ಚಾರ್ಜಿಗೆ ನಿಂತರೆ 36 ಕಿಲೋವ್ಯಾಟ್ ಹೋಯಿತು. ಅಲ್ಲಿಗೆ ಟಿಸಿ ತುಂಬಿತು.

ಟಿಸಿ ಕೂರಿಸುವಾಗ ಎಲ್ಲ ಮನೆಯವರೂ ಎಲ್ಲವನ್ನೂ ಒಟ್ಟಿಗೆ ಹಚ್ಚುವುದಿಲ್ಲ ಎಂಬ ಲೆಕ್ಕದಲ್ಲೇ ಕೂರಿಸುತ್ತಾರೆ. ಅದು ತಪ್ಪಲ್ಲ. ಒಬ್ಬರ ಮಿಕ್ಸರ್ ಓಡುವಾಗ ಇನ್ನೊಬ್ಬರ ಟಿವಿ ಓಡುತ್ತದೆ, ಮತ್ತೊಬ್ಬರ ಮನೆಗೆ ಕೀಲಿ ಇರುತ್ತದೆ. ಗಾಡಿ ಈ ಲೆಕ್ಕವನ್ನು ಕೆಡಿಸುತ್ತದೆ. ಯಾಕೆಂದರೆ ಎಲ್ಲರೂ ಕೆಲಸ ಮುಗಿಸಿ ಬರುವುದು ಸಂಜೆ 6ರಿಂದ 8ರೊಳಗೆ. ಬಂದ ಕೂಡಲೇ ಚಾರ್ಜಿಗೆ ಹಚ್ಚಿ ಒಳಗೆ ಹೋಗುತ್ತಾರೆ.

ಹಾಗಾದರೆ ಯಾವ ಹೊತ್ತಿನಲ್ಲಿ ಹಚ್ಚಬೇಕು?

ನಾನು ಈ ಬರಹ ಬರೆಯಲು ಕುಳಿತದ್ದೇ ಈ ಪ್ರಶ್ನೆಗಾಗಿ. ರಾತ್ರಿ 10ರ ನಂತರ ಹಚ್ಚಿ. ಇಲ್ಲವೇ ಮಧ್ಯಾಹ್ನ ಬಿಸಿಲಿನ ಹೊತ್ತು. ಸಂಜೆ 6ರಿಂದ 10 ಮಾತ್ರ ಬೇಡ.

ಜನ ಯೂನಿಟ್ ಬಗ್ಗೆ ಚಿಂತೆ ಮಾಡುತ್ತಾರೆ. ಓಣಿಯ ಟಿಸಿಗೆ ಯೂನಿಟ್ಟಿನ ಚಿಂತೆ ಇಲ್ಲ. ಒಂದೇ ಹೊತ್ತಿಗೆ ಎಷ್ಟು ಜನ ಎಳೆಯುತ್ತಾರೆ ಅನ್ನುವುದೇ ಅದಕ್ಕೆ ಮುಖ್ಯ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಎಲ್ಲರೂ ಒಮ್ಮೆಲೇ ತಮ್ಮ ಹೊಲಕ್ಕೆ ತಿರುಗಿಸಿಕೊಂಡರೆ ಕೊನೆಯ ಹೊಲಕ್ಕೆ ಹನಿ ಮುಟ್ಟುವುದಿಲ್ಲ. ಅದಕ್ಕೇ ಪಾಳಿ ಇಟ್ಟುಕೊಂಡಿದ್ದೇವೆ. ಕರೆಂಟಿಗೂ ಅದೇ ಪಾಳಿ ಬೇಕು.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಓಣಿಯಲ್ಲಿ ಒಂದೇ ವಾರದಲ್ಲಿ ಮೂರು ಸಲ ಟಿಸಿ ಫ್ಯೂಸ್ ಹೋಯಿತು. ಪ್ರತಿ ಸಲವೂ ರಾತ್ರಿ 8ರಿಂದ 9ರೊಳಗೆ. ಮನೆಮನೆಗೆ ಕೂಲರ್ ಓಡುತ್ತಿದ್ದವು, ಜೊತೆಗೆ ನಾಲ್ಕು ಕಾರು ಚಾರ್ಜಿಗೆ ನಿಂತಿದ್ದವು. ಆ ವಾರ ನಾಲ್ಕು ಮನೆಯವರನ್ನೂ ನಮ್ಮ ಕಟ್ಟೆ ಮೇಲೆ ಕೂರಿಸಿ ಮಾತಾಡಿದೆ. ಒಬ್ಬೊಬ್ಬರೂ ದಿನಕ್ಕೆ ಓಡಿಸುವುದು ಎಷ್ಟು ಎಂದು ಕೇಳಿದೆ. ಯಾರದೂ 40 ಕಿಲೋಮೀಟರ್ ದಾಟಲಿಲ್ಲ. 1 ಕಿಲೋವ್ಯಾಟ್ ಒಂದು ತಾಸು ಎಳೆದರೆ 1 ಯೂನಿಟ್. ಸಣ್ಣ ಕಾರು 1 ಯೂನಿಟ್ಟಿಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ. 40 ಕಿಲೋಮೀಟರಿಗೆ 6 ಯೂನಿಟ್ ಸಾಕು. 3 ಕಿಲೋವ್ಯಾಟ್ ಚಾರ್ಜರಿನಲ್ಲಿ ಅದು 2 ತಾಸಿನ ಕೆಲಸ.

ನಾಲ್ಕು ಕಾರು, ತಲಾ 2 ತಾಸು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಸರಿಯಾಗಿ 8 ತಾಸು. ಪಾಳಿ ತಾನೇ ಕೂತಿತು. ಕಾರಿನ ಆಪ್‌ನಲ್ಲಿ ಟೈಮರ್ ಇಟ್ಟರು, ಯಾರೂ ನಿದ್ದೆಗೆಡಲಿಲ್ಲ. ಟಿಸಿ ಮೇಲೆ 12 ಕಿಲೋವ್ಯಾಟ್ ಬೀಳುವ ಕಡೆ 3 ಬಿತ್ತು. ಆ ಬೇಸಿಗೆಯಲ್ಲಿ ಮತ್ತೆ ಫ್ಯೂಸ್ ಹೋಗಲಿಲ್ಲ. ಹೊಸ ಟಿಸಿ ಬೇಕಾಗಲಿಲ್ಲ, ಯಾರ ಮನೆಯ ತಂತಿಯನ್ನೂ ಬದಲಿಸಲಿಲ್ಲ.

ಟಿಸಿ ಬೇಸಿಗೆಯಲ್ಲೇ ಯಾಕೆ ಜಾಸ್ತಿ ಹೋಗುತ್ತದೆ?

ಟಿಸಿ ಒಳಗೆ ಎಣ್ಣೆ ಇದೆ, ಅದರಲ್ಲಿ ಕಾಗದ ಸುತ್ತಿದ ತಂತಿ ಮುಳುಗಿದೆ. ಕರೆಂಟ್ ಹರಿದಾಗ ತಂತಿ ಬಿಸಿಯಾಗುತ್ತದೆ. ಎಣ್ಣೆ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ಇರುತ್ತದೆ, ವಿಜಯಪುರದಲ್ಲಿ ಅದನ್ನೂ ದಾಟುತ್ತದೆ. ಬಿಸಿ ಎಲ್ಲಿಗೆ ಹೋಗಬೇಕು?

ಇನ್ನೊಂದು ಮಾತು. ಆಂಪಿಯರ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸುತ್ತಿದ ಕಾಗದ ಸುಮಾರು 6 ಡಿಗ್ರಿ ಹೆಚ್ಚು ಬಿಸಿಯಲ್ಲಿ ಇದ್ದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕೆಲಸದ ಹಳೆಯ ಲೆಕ್ಕ. ಅಂದರೆ ಟಿಸಿ ಒಂದೇ ರಾತ್ರಿಯಲ್ಲಿ ಸಾಯುವುದಲ್ಲ. ದಿನಾ ಸಂಜೆ ಸ್ವಲ್ಪ ಸ್ವಲ್ಪ ಸವೆದು, ಒಂದು ದಿನ ಹೋಗುತ್ತದೆ. ರಾತ್ರಿ ಆರಲು ಬಿಟ್ಟರೆ ಬಹಳ ವರ್ಷ ಬಾಳುತ್ತದೆ.

ಹಾಗಾದರೆ ರಾತ್ರಿಯೆಲ್ಲ ಚಾರ್ಜ್ ಮಾಡಿದರೆ ಅದು ಆರುವುದು ಯಾವಾಗ, ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಎಲ್ಲರೂ 10 ಗಂಟೆ ಎಂದು ಒಟ್ಟಿಗೆ ಟೈಮರ್ ಇಟ್ಟರೆ ಸಂಜೆಯ ರಶ್ಶನ್ನು ರಾತ್ರಿಗೆ ತಳ್ಳಿದಂತೆ ಆಗುತ್ತದೆ, ಅಷ್ಟೇ. ಪಾಳಿ ಹಂಚಿಕೊಂಡರೆ ಮಾತ್ರ ಉಪಯೋಗ.

ಕರೆಂಟ್ ಹೋಗಿ ಬಂದರೆ ಚಾರ್ಜಿಂಗ್ ತಾನೇ ಶುರುವಾಗುತ್ತದೆ. ಬಿಡಬಹುದಾ?

ಬಿಡಬೇಡಿ. ಕರೆಂಟ್ ಬಂದ ಆ ಹೊತ್ತೇ ಟಿಸಿಗೆ ಅತಿ ಕಷ್ಟದ ಹೊತ್ತು. ಒಂದು ತಾಸು ನಿಂತಿದ್ದ ಫ್ರಿಜ್‌ಗಳೆಲ್ಲ ಒಟ್ಟಿಗೆ ಓಡುತ್ತವೆ. ಮನೆಮನೆಯ ಇನ್ವರ್ಟರ್ ಬ್ಯಾಟರಿ ತುಂಬಿಕೊಳ್ಳಲು ಶುರುಮಾಡುತ್ತವೆ. ನೀರಿನ ಮೋಟರ್ ಹಚ್ಚುವವರು ಹಚ್ಚುತ್ತಾರೆ. ಅದರ ಮೇಲೆ ಗಾಡಿಗಳೂ ಕೂತರೆ ಫ್ಯೂಸ್ ಮತ್ತೆ ಹಾರುತ್ತದೆ. ಕರೆಂಟ್ ಹೋದಾಗ ಪ್ಲಗ್ಗಿನ ಸ್ವಿಚ್ ತೆಗೆಯಿರಿ. ಬಂದ ಮೇಲೆ ಒಂದು 15 ನಿಮಿಷ ಬಿಟ್ಟು ಹಾಕಿರಿ.

ತಿಂಗಳಿಗೆ ಬಿಲ್ ಎಷ್ಟು ಏರುತ್ತದೆ?

2025-26ರ ದರದಲ್ಲಿ ಮನೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಮೊದಲಿನ ಹಾಗೆ ಸ್ಲ್ಯಾಬ್ ಇಲ್ಲ. ಇದರ ಮೇಲೆ ಪಿಂಚಣಿ ಬಾಬ್ತಿನ 36 ಪೈಸೆ, 9% ತೆರಿಗೆ, ಇಂಧನ ಹೊಂದಾಣಿಕೆ ಸೇರುತ್ತವೆ. ಕೈಲೆಕ್ಕಕ್ಕೆ 7 ರೂಪಾಯಿ ಹಿಡಿಯಿರಿ.

ಸ್ಕೂಟರ್ 1 ಯೂನಿಟ್ಟಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ದಿನಕ್ಕೆ 30 ಓಡಿಸಿದರೆ ತಿಂಗಳಿಗೆ 30ರಿಂದ 35 ಯೂನಿಟ್, ಅಂದರೆ 250 ರೂಪಾಯಿ ಒಳಗೆ. ಕಾರು ತಿಂಗಳಿಗೆ 1000 ಕಿಲೋಮೀಟರ್ ಓಡಿದರೆ 145 ಯೂನಿಟ್, ಹೆಚ್ಚೂಕಡಿಮೆ 1000 ರೂಪಾಯಿ.

ಗಾಡಿ ತಂದರೆ ಗೃಹಜ್ಯೋತಿ ಹೋಗುತ್ತದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಸಮಾಧಾನವಾಗಿ ಓದಿ.

ಗೃಹಜ್ಯೋತಿ 2023ರ ಜುಲೈನಿಂದ ಇದೆ. ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ 10% ಸೇರಿಸಿದಷ್ಟು ಉಚಿತ. ಸರಾಸರಿ ಕಡಿಮೆ ಇದ್ದವರಿಗೆ 2024ರ ಜನವರಿಯಲ್ಲಿ ಇದನ್ನು ಬದಲಿಸಿ, 10% ಬದಲು 10 ಯೂನಿಟ್ ಸೇರಿಸಿದರು. ನಿಮ್ಮ ಪಾಲು ಎಷ್ಟು ಎಂಬುದು ಬಿಲ್ಲಿನಲ್ಲೇ ಇರುತ್ತದೆ.

ಒಂದು ಮನೆಯ ಈಗಿನ ಬಳಕೆ 70 ಯೂನಿಟ್, ಉಚಿತದ ಪಾಲು 80 ಎನ್ನಿ. ಸ್ಕೂಟರ್ ಬಂದ ಮೇಲೆ ಬಳಕೆ 105 ಆಯಿತು. ಆಗ ಪಾಲು ದಾಟಿದ 25 ಯೂನಿಟ್ಟಿಗೆ ಮಾತ್ರ ದುಡ್ಡು ಕಟ್ಟಬೇಕು. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ಕಾರು ತಂದವರು ಮಾತ್ರ ಜಾಗ್ರತೆ. ಅದೇ ಮನೆಗೆ ಕಾರಿನ 145 ಯೂನಿಟ್ ಸೇರಿದರೆ 215 ಆಯಿತು. ಒಟ್ಟು 200 ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು, ಉಚಿತದ ಪಾಲೂ ಹೋಗುತ್ತದೆ. 199ಕ್ಕೂ 201ಕ್ಕೂ ಇರುವ ವ್ಯತ್ಯಾಸ ಎರಡು ಯೂನಿಟ್ಟಲ್ಲ, ನೂರಾರು ರೂಪಾಯಿ. ಇಂಥ ಮನೆಯವರು ಕಾರಿಗೆ ಬೇರೆ ಮೀಟರ್ ತೆಗೆದುಕೊಳ್ಳುವ ಲೆಕ್ಕ ಹಾಕಿ ನೋಡಬೇಕು. ಆ ಮೀಟರಿಗೆ ಉಚಿತ ಸಿಗುವುದಿಲ್ಲ, ಆದರೆ ಮನೆಯ ಮೀಟರ್ 200ರೊಳಗೆ ಉಳಿಯುತ್ತದೆ.

ಬೇರೆ ಮೀಟರ್ ಕೇಳಿದರೆ ಕೊಡುತ್ತಾರಾ?

ಕೊಡಬೇಕು. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ 2020ರಲ್ಲಿ ಬಂತು. 2024ರ ಫೆಬ್ರವರಿಯಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಗಾಡಿ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳಿದರೆ ಕೊಡಬೇಕು ಎಂದು ಅದರಲ್ಲಿ ಇದೆ. ಅರ್ಜಿ ಪೂರ್ತಿ ಇದ್ದು, ಹೊಸ ಲೈನ್ ಎಳೆಯುವ ಕೆಲಸ ಇಲ್ಲದಿದ್ದರೆ ನಗರಸಭೆ, ಪುರಸಭೆ ಊರುಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ ಗಡುವು. ಬೇರೆ ಬೇಡ, ಇರುವ ಮನೆ ಮೀಟರಿನಲ್ಲೇ ನಮ್ಮ ಗಾಡಿ ಚಾರ್ಜ್ ಮಾಡಿಕೊಳ್ಳುತ್ತೇವೆ ಎಂದರೂ ತಪ್ಪಿಲ್ಲ. ಅದಕ್ಕೂ ಅವಕಾಶ ಇದೆ.

ದುಡ್ಡು ತೆಗೆದುಕೊಂಡು ಬೇರೆಯವರ ಗಾಡಿ ಚಾರ್ಜ್ ಮಾಡಿ ಕೊಡುವುದು ಮಾತ್ರ ಮನೆ ಮೀಟರಿನಲ್ಲಿ ಬೇಡ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಕರೆಂಟ್ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದಂಡದ ಬಿಲ್ ಬರುತ್ತದೆ. ಚಾರ್ಜಿಂಗ್ ಅಂಗಡಿ ಇಡಬೇಕೆಂದರೆ ಲೈಸೆನ್ಸ್ ಬೇಕಿಲ್ಲ, 2018ರಲ್ಲೇ ಕೇಂದ್ರ ಅದನ್ನು ಸ್ಪಷ್ಟ ಮಾಡಿದೆ. ಸಂಪರ್ಕ ಮಾತ್ರ ಅದಕ್ಕೇ ಅಂತ ತೆಗೆದುಕೊಳ್ಳಿ.

ಮಂಜೂರಾದ ಲೋಡ್ ಏರಿಸಲೇಬೇಕಾ?

ಮಂಜೂರಾದ ಲೋಡ್ ಅಂದರೆ ನಿಮ್ಮ ಮನೆಗೆಂದು ಹೆಸ್ಕಾಂನಲ್ಲಿ ಬರೆಸಿದ ಕಿಲೋವ್ಯಾಟ್. ಸ್ಕೂಟರಿಗೆ ಏರಿಸುವುದು ಬೇಡ. ಕಾರಿಗೆ, ಬಿಲ್ ತೆಗೆದು ನೋಡಿ. ಆರ್‌ಆರ್ ನಂಬರಿನ (ನಿಮ್ಮ ಸಂಪರ್ಕದ ನಂಬರ್) ಹತ್ತಿರವೇ ಎಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಹಳೆ ಮನೆಗಳಲ್ಲಿ 1 ಅಥವಾ 2 ಕಿಲೋವ್ಯಾಟ್ ಇರುವುದೇ ಜಾಸ್ತಿ. ಅಂಥಲ್ಲಿ 3 ಕಿಲೋವ್ಯಾಟಿನ ಕಾರು ಹಚ್ಚುವ ಮೊದಲು ಲೋಡ್ ಏರಿಸಿ. ಇದು ಬರೀ ಕಾಗದದ ಕೆಲಸ ಅಲ್ಲ. ಓಣಿಯಲ್ಲಿ ಎಷ್ಟು ಲೋಡ್ ಇದೆ ಎಂದು ಆಫೀಸಿಗೆ ಗೊತ್ತಾಗುವುದು ಈ ಅಂಕಿಯಿಂದಲೇ. ನೀವು ಬರೆಸದಿದ್ದರೆ ಅವರ ಪುಸ್ತಕದಲ್ಲಿ ನಿಮ್ಮ ಕಾರು ಇಲ್ಲ. ಟಿಸಿ ದೊಡ್ಡದು ಮಾಡಿ ಎಂದು ಕೇಳಲು ನಿಮಗೆ ಆಧಾರವೂ ಇಲ್ಲ.

ಏರಿಸಿದರೆ ತಿಂಗಳ ನಿಗದಿ ಶುಲ್ಕ ಏರುತ್ತದೆ, 2025-26ರಲ್ಲಿ ಕಿಲೋವ್ಯಾಟಿಗೆ 145 ರೂಪಾಯಿ. 3 ಕಿಲೋವ್ಯಾಟ್ ಏರಿಸಿದರೆ 435. ಅದಕ್ಕೇ ದೊಡ್ಡ ಚಾರ್ಜರ್ ಕೂರಿಸುವ ಮೊದಲು ಎರಡು ಸಲ ಯೋಚಿಸಿ ಅನ್ನುತ್ತೇನೆ.

7.2 ಕಿಲೋವ್ಯಾಟಿನ ಚಾರ್ಜರ್ ಕೂರಿಸಿದರೆ ಒಳ್ಳೆಯದಲ್ವಾ? ಬೇಗ ಆಗುತ್ತದೆ.

ನಿಮಗೆ ನಿಜವಾಗಿ ಬೇಕಾ ನೋಡಿ. ದಿನಾ ಬೆಳಗಾವಿ–ಗೋಕಾಕ ಓಡಾಡುವವರಿಗೆ ಬೇಕಾಗಬಹುದು. ಊರೊಳಗೆ 30-40 ಕಿಲೋಮೀಟರ್ ಓಡಿಸುವವರಿಗೆ ಸಣ್ಣದೇ ಸಾಕು, ಗಾಡಿ ಹೇಗೂ ರಾತ್ರಿಯೆಲ್ಲ ನಿಂತೇ ಇರುತ್ತದೆ.

7.2 ಕಿಲೋವ್ಯಾಟ್ ಅಂದರೆ 31 ಆಂಪಿಯರ್. ನಾನು ನೋಡುವ ಬಹಳ ಮನೆಗಳ ಸಿಂಗಲ್ ಫೇಸ್ ಮೀಟರ್ ಮೇಲೆ 5-30 ಎಂದು ಬರೆದಿದೆ. ಅದರ ಮಿತಿ 30 ಆಂಪಿಯರ್. ಗಾಡಿಯೊಂದೇ ಅದನ್ನು ದಾಟುತ್ತದೆ. ಮೀಟರ್, ಕಂಬದಿಂದ ಬರುವ ಸರ್ವಿಸ್ ವೈರ್, ಮೇನ್ ಸ್ವಿಚ್, ಎಲ್ಲ ಬದಲಾಗಬೇಕು. ಒಳಗೆ 6 ಎಂಎಂ ತಾಮ್ರದ ವೈರ್ ಬೇಕು. ಕೂರಿಸಲೇಬೇಕೆಂದರೆ ತ್ರೀ ಫೇಸ್ ತೆಗೆದುಕೊಂಡು ಕೂರಿಸಿ. ಆಂಪಿಯರ್ ಇಳಿಸುವ ಸೌಲಭ್ಯ ಇರುವ ಚಾರ್ಜರನ್ನೇ ಕೊಳ್ಳಿ. ದಿನಾ 10-12 ಆಂಪಿಯರಿನಲ್ಲಿ ಓಡಿಸಿ, ಅವಸರದ ದಿನ ಏರಿಸಬಹುದು. ಮನೆಯ ಮೇನ್ ವೈರಿಗೆ ಒಂದು ಸಣ್ಣ ಸೆನ್ಸರ್ ತೊಡಿಸಿ, ಮನೆಯಲ್ಲಿ ಗೀಸರ್ ಹಚ್ಚಿದ ಕೂಡಲೇ ತಾನೇ ಚಾರ್ಜಿಂಗ್ ಇಳಿಸುವ ಚಾರ್ಜರ್‌ಗಳೂ ಈಗ ಬಂದಿವೆ. ಸ್ವಲ್ಪ ದುಬಾರಿ, ಆದರೆ ದುಡ್ಡಿಗೆ ತಕ್ಕ ವಸ್ತು.

ಹೊರಗೆ ಗಾಡಿ ನಿಲ್ಲುತ್ತದೆ. ಒಳಗಿನಿಂದ ಎಕ್ಸ್‌ಟೆನ್ಷನ್ ವೈರ್ ತರಬಹುದಾ?

ಬೇಡ. ನಾನು ಕೈಮುಗಿದು ಹೇಳುವ ಮಾತು ಇದೊಂದೇ.

ಅಂಗಡಿಯಲ್ಲಿ ಸಿಗುವ ಎಕ್ಸ್‌ಟೆನ್ಷನ್‌ಗಳಲ್ಲಿ 1 ಎಂಎಂ ವೈರ್ ಇರುವುದೇ ಹೆಚ್ಚು. 20 ಮೀಟರ್ ಉದ್ದದ್ದಕ್ಕೆ ಕಾರು ಹಚ್ಚಿ 15 ಆಂಪಿಯರ್ ಹರಿಸಿದರೆ ಆ ವೈರಿನಲ್ಲೇ 160 ವ್ಯಾಟ್ ಬಿಸಿ ಹುಟ್ಟುತ್ತದೆ. ಉಳಿದ ವೈರನ್ನು ಸುರುಳಿ ಸುತ್ತಿ ಮೂಲೆಗಿಟ್ಟರೆ ಆ ಬಿಸಿ ಹೊರಗೆ ಹೋಗದೆ ಅಲ್ಲೇ ಕೂಡುತ್ತದೆ. ಪ್ಲಾಸ್ಟಿಕ್ ಮೆತ್ತಗಾಗಿ ವೈರಿಗೆ ವೈರು ಅಂಟಿದ್ದನ್ನು ನನ್ನ ಕೈಯಾರೆ ಬಿಡಿಸಿದ್ದೇನೆ. ಅದು ಹಿತ್ತಲಲ್ಲಿ ಕಣಿಕೆ ಒಟ್ಟಿದ್ದ ಗೋಡೆಯ ಪಕ್ಕ. ಆ ಮನೆಯವರ ಪುಣ್ಯ, ಮಧ್ಯರಾತ್ರಿ ವಾಸನೆ ಬಂದು ಎದ್ದಿದ್ದರು.

ಮೀಟರ್ ಬೋರ್ಡಿನಿಂದ ನೇರ ಒಂದು ವೈರ್ ಎಳೆಸಿ. ಸ್ಕೂಟರಿಗೆ 2.5 ಎಂಎಂ, ಕಾರಿಗೆ 4 ಎಂಎಂ. ಅದಕ್ಕೆ ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ಕಡಿಯುವ ಸ್ವಿಚ್), 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಒಳ್ಳೆಯ ಕಂಪನಿಯ 16 ಆಂಪಿಯರ್ ಪ್ಲಗ್. ಮಳೆ ಬೀಳುವ ಜಾಗವಾದರೆ ಮುಚ್ಚಳ ಇರುವ ಪ್ಲಗ್. ಬೆಳಗಾವಿ, ಖಾನಾಪುರ ಕಡೆಯವರಿಗೆ ಇದು ಬೇಕೇ ಬೇಕು. ತಿಂಗಳಿಗೊಮ್ಮೆ ಚಾರ್ಜಿಂಗ್ ನಿಲ್ಲಿಸಿದ ಕೂಡಲೇ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಒಳಗಿನ ಸ್ಕ್ರೂ ಸಡಿಲ ಆಗಿದೆ ಎಂದು ತಿಳಿಯಿರಿ.

ಚಾರ್ಜರ್ "ಅರ್ತ್ ಇಲ್ಲ" ಎಂದು ತೋರಿಸುತ್ತದೆ. ಅರ್ತಿಂಗ್ ಹಾಕಿಸಿದ್ದೇವಲ್ಲ?

ಎರಿ ಮಣ್ಣಿನ ಊರುಗಳಲ್ಲಿ ಇದು ಬಹಳ. ಎರಿ ಭೂಮಿ ಮಳೆಗಾಲದಲ್ಲಿ ನೀರು ಹಿಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅರ್ತಿಂಗ್ ಪೈಪಿನಿಂದ ಮಣ್ಣು ದೂರ ಸರಿಯುತ್ತದೆ. ಪೈಪ್ ಇದೆ, ಆದರೆ ಭೂಮಿಗೆ ಸಂಪರ್ಕ ಇಲ್ಲ. ಫ್ರಿಜ್, ಮಿಕ್ಸರ್ ಅದನ್ನು ಹೇಳುವುದಿಲ್ಲ, ಹಾಗೇ ಓಡುತ್ತವೆ. ಗಾಡಿಯ ಚಾರ್ಜರ್ ಪರೀಕ್ಷೆ ಮಾಡಿ ನಿಲ್ಲುತ್ತದೆ. ಅದು ತೊಂದರೆ ಕೊಡುತ್ತಿಲ್ಲ, ನಿಮ್ಮ ಜೀವ ಕಾಯುತ್ತಿದೆ.

ಅರ್ತಿಂಗ್ ಗುಂಡಿಗೆ ನೀರು ಹಾಕಿ ನೋಡಿ. ಸರಿಹೋದರೆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಹಾಕುವ ರೂಢಿ ಇಟ್ಟುಕೊಳ್ಳಿ. ಕಲ್ಲು ನೆಲ ಇರುವ ಕಡೆ ಒಂದೇ ಪೈಪ್ ಸಾಲದು. ಎರಡು ಕಡೆ ಹಾಕಿ ಜೋಡಿಸಬೇಕು. ಕೆಲವರು ನ್ಯೂಟ್ರಲ್‌ಗೂ (ಕರೆಂಟ್ ಮರಳಿ ಹೋಗುವ ತಂತಿ) ಅರ್ತಿಗೂ ಪ್ಲಗ್ಗಿನಲ್ಲೇ ತುಂಡು ವೈರ್ ಕೊಟ್ಟು ಚಾರ್ಜರನ್ನು ಮೋಸಗೊಳಿಸುತ್ತಾರೆ. ಯಾರು ಎಷ್ಟು ಹೇಳಿದರೂ ಹಾಗೆ ಮಾಡಿಸಬೇಡಿ. ನ್ಯೂಟ್ರಲ್ ಎಲ್ಲಾದರೂ ಕಟ್ಟಾದರೆ ಗಾಡಿಯ ಮೈಯೆಲ್ಲ ಕರೆಂಟ್ ಬರುತ್ತದೆ.

ಪಕ್ಕದ ಮನೆಯವರು ಕಾರು ಹಚ್ಚಿದರೆ ನಮ್ಮ ಲೈಟ್ ಡಿಮ್ ಆಗುತ್ತದೆ. ಯಾಕೆ?

ಇಬ್ಬರೂ ಒಂದೇ ಫೇಸಿನಲ್ಲಿ ಇದ್ದೀರಿ, ಮತ್ತು ನಿಮ್ಮ ಮನೆ ಲೈನಿನ ಕೊನೆಗೆ ಇರಬಹುದು. ಟಿಸಿಯಿಂದ ಮೂರು ಫೇಸ್, ಅಂದರೆ ಕರೆಂಟಿನ ಮೂರು ತಂತಿ ಹೊರಡುತ್ತವೆ. ಸಿಂಗಲ್ ಫೇಸ್ ಮನೆಗಳನ್ನು ಮೂರಕ್ಕೂ ಹಂಚಿರಬೇಕು. 100 ಕೆವಿಎ ಟಿಸಿಯ ಒಂದೊಂದು ಫೇಸಿಗೆ ಸುಮಾರು 33 ಕೆವಿಎ ಅಷ್ಟೇ. ಕಾರುಗಳೆಲ್ಲ ಆಕಸ್ಮಿಕವಾಗಿ ಒಂದೇ ಫೇಸಿಗೆ ಬಿದ್ದರೆ ಆ ಫೇಸ್ ನರಳುತ್ತದೆ, ಉಳಿದೆರಡು ಆರಾಮ ಇರುತ್ತವೆ. ಟಿಸಿಯ ಒಟ್ಟು ಲೋಡ್ ನೋಡಿದರೆ ಎಲ್ಲ ಸರಿ ಕಾಣುತ್ತದೆ.

ಹೀಗೆ ಏರುಪೇರಾದಾಗ ನ್ಯೂಟ್ರಲ್ ತಂತಿಯಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ. ಹಳೆ ಜೋಡಣೆ ಬಿಸಿಯಾಗಿ ನ್ಯೂಟ್ರಲ್ ಕಟ್ಟಾದರೆ ಕೆಲವು ಮನೆಗೆ 230ರ ಬದಲು 350, 400 ವೋಲ್ಟ್ ಬರಬಹುದು. ಟಿವಿ, ಫ್ರಿಜ್, ಚಾರ್ಜರ್ ಎಲ್ಲ ಒಮ್ಮೆಲೇ ಹೋಗುತ್ತವೆ. ಲೈಟ್ ಒಮ್ಮೆ ಡಿಮ್, ಒಮ್ಮೆ ಝಗ್ ಎಂದು ಆಗುತ್ತಿದ್ದರೆ ತಡಮಾಡದೆ ಮೇನ್ ತೆಗೆದು ದೂರು ಕೊಡಿ.

ಪಕ್ಕದ ಮನೆಯವರ ಜೊತೆ ಜಗಳ ಆಡಬೇಡಿ, ಅವರ ತಪ್ಪೇನೂ ಇಲ್ಲ. ಒಂದು ಮನೆಯನ್ನು ಬೇರೆ ಫೇಸಿಗೆ ಹಾಕುವುದು ಲೈನ್‌ಮನ್‌ಗೆ ಅರ್ಧ ತಾಸಿನ ಕೆಲಸ. ಅರ್ಜಿ ಕೊಟ್ಟು ಕೇಳಿ. ನೀವೇ ಕಂಬ ಹತ್ತುವುದು, ಹತ್ತಿಸುವುದು ಬೇಡ.

ರಬಕವಿ-ಬನಹಟ್ಟಿ, ಬೆಳಗಾವಿಯ ವಡಗಾವಿಯಂಥ ನೇಕಾರರ ಓಣಿಗಳಲ್ಲಿ ಹಗಲೇ ಪವರ್‌ಲೂಮ್ ಲೋಡ್ ಇರುತ್ತದೆ. ಅಲ್ಲಿ ಮಧ್ಯಾಹ್ನ ಹಚ್ಚಿ ಎಂಬ ನನ್ನ ಮಾತು ನಡೆಯುವುದಿಲ್ಲ. ಮಗ್ಗ ನಿಂತ ಮೇಲೆ ಹಚ್ಚಿ.

ವೋಲ್ಟೇಜ್ ಕಡಿಮೆ ಇದ್ದಾಗ ಚಾರ್ಜ್ ಮಾಡಿದರೆ ಗಾಡಿ ಕೆಡುತ್ತದಾ?

ಗಾಡಿಗಿಂತ ನಿಮ್ಮ ವೈರಿಂಗ್‌ಗೆ ತೊಂದರೆ. ಚಾರ್ಜರ್ ಸಾಮಾನ್ಯವಾಗಿ ತನಗೆ ಬೇಕಾದಷ್ಟು ವ್ಯಾಟ್ ಎಳೆದೇ ತೀರುತ್ತದೆ. ವೋಲ್ಟ್ ಇಳಿದರೆ ಆಂಪಿಯರ್ ಏರಿಸುತ್ತದೆ. 3000 ವ್ಯಾಟಿಗೆ 230 ವೋಲ್ಟಿನಲ್ಲಿ 13 ಆಂಪಿಯರ್ ಸಾಕು, 190ರಲ್ಲಿ ಸುಮಾರು 16 ಬೇಕು. 190ಕ್ಕಿಂತ ಕೆಳಗೆ ಇದ್ದರೆ ಆ ಹೊತ್ತು ಬಿಟ್ಟುಬಿಡಿ.

ತೋಟದ ವಸ್ತಿಯಲ್ಲಿ ಇದ್ದೇವೆ. ಅಲ್ಲಿ ಸ್ಕೂಟರ್ ಚಾರ್ಜ್ ಆಗುತ್ತದಾ?

ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯ ಬೇರೆ ಫೀಡರ್ (ಸಬ್‌ಸ್ಟೇಷನ್‌ನಿಂದ ಬರುವ ಲೈನ್) ಇದೆ, ದಿನವಿಡೀ ಕರೆಂಟ್ ಇರುತ್ತದೆ. ತೋಟದ ಮನೆಗಳು ಬಹಳ ಕಡೆ ಪಂಪ್‌ಸೆಟ್ ಫೀಡರಿನ ಮೇಲೇ ಇವೆ. ಅಲ್ಲಿ ತ್ರೀ ಫೇಸ್ 7 ತಾಸು, ರಾತ್ರಿ ಮನೆ ದೀಪಕ್ಕೆಂದು ಸಿಂಗಲ್ ಫೇಸ್.

ಆ ಸಿಂಗಲ್ ಫೇಸ್ ಕೊಡುವುದು ಬಲ್ಬು, ಫ್ಯಾನಿನ ಲೆಕ್ಕಕ್ಕೆ. ಒಂದು ಸ್ಕೂಟರ್ ನಡೆಯುತ್ತದೆ. ಕಾರು ಬೇಡ. ಇನ್ನೊಂದು ತೊಡಕು ನಿಮಗೇ ಗೊತ್ತು. ಅದೇ ಸಿಂಗಲ್ ಫೇಸಿನಲ್ಲಿ ಕೆಲವರು ಕನ್ವರ್ಟರ್ ಹಾಕಿ ಮೋಟರ್ ಹಚ್ಚುತ್ತಾರೆ. ಕಬ್ಬು ಒಣಗುವಾಗ ಅವರ ಕಷ್ಟವೂ ಸುಳ್ಳಲ್ಲ. ಆದರೆ ಆಗ ವೋಲ್ಟೇಜ್ ತೀರಾ ಕೆಳಗೆ ಹೋಗುತ್ತದೆ, ಮೋಟರ್ ಬಂದಾದ ಕೂಡಲೇ ಮೇಲೆ ಜಿಗಿಯುತ್ತದೆ. ವೋಲ್ಟೇಜ್ ಮಿತಿ ದಾಟಿದರೆ ತಾನೇ ಕಡಿಯುವ ಸಣ್ಣ ಸಾಧನ ಸಿಗುತ್ತದೆ, ಅದನ್ನು ಪ್ಲಗ್ಗಿನ ಮುಂದೆ ಹಾಕಿಸಿ. ಬ್ಯಾಟರಿ ಬಿಚ್ಚಿ ತರಬಹುದಾದ ಸ್ಕೂಟರ್ ಕೊಂಡರೆ ಇನ್ನೂ ಒಳ್ಳೆಯದು. ಊರಿನ ಮನೆಯಲ್ಲಿ ಚಾರ್ಜಿಗೆ ಹಚ್ಚಿ ಸಂಜೆ ಒಯ್ಯಬಹುದು.

ಮನೆಯ ಇನ್ವರ್ಟರಿನಿಂದ ಸ್ಕೂಟರ್ ಚಾರ್ಜ್ ಮಾಡಬಹುದಾ?

ಬೇಡ. 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್. ಸ್ಕೂಟರಿನ ಬ್ಯಾಟರಿ 2ರಿಂದ 4 ಯೂನಿಟ್. ಸಣ್ಣ ಕೊಡದಿಂದ ದೊಡ್ಡ ಹಂಡೆ ತುಂಬುವುದಿಲ್ಲ.

ಮನೆ ಮೇಲೆ ಸೋಲಾರ್ ಹಾಕಿಸಿದರೆ?

ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ಸ್ಕೂಟರಿನ ನಾಲ್ಕು ದಿನದ ಓಡಾಟ. ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟಿಗೆ ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ.

ಮಧ್ಯಾಹ್ನ ಗಾಡಿ ಮನೆಯಲ್ಲಿ ಇದ್ದರೆ ಆಗಲೇ ಹಚ್ಚಿ. ನಿಮ್ಮ ಛಾವಣಿಯ ಕರೆಂಟ್ ನಿಮ್ಮ ಗಾಡಿಗೇ ಹೋಗುತ್ತದೆ, ಟಿಸಿ ಮೇಲೆ ಹೊರೆಯೇ ಇಲ್ಲ. ಗಾಡಿ ಹಗಲು ಹೊರಗೆ, ರಾತ್ರಿ ಚಾರ್ಜಿಂಗ್ ಎಂದರೆ ಬಿಲ್ಲಿನಲ್ಲಿ ಲಾಭ ಬರುತ್ತದೆ, ಟಿಸಿಗೆ ಬರುವುದಿಲ್ಲ. ಪಾಳಿ ಆಗಲೂ ಬೇಕು. ಇನ್ನೊಂದು: ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್ ಕಂಬದ ಮೇಲೆ ಇರುವಾಗ ನಿಮ್ಮ ಮನೆಯಿಂದ ಕರೆಂಟ್ ಹೋಗಬಾರದು ಎಂದೇ ಹಾಗೆ ಮಾಡಿದ್ದಾರೆ.

ಅಪಾರ್ಟ್‌ಮೆಂಟಿನಲ್ಲಿ ಏನು ಮಾಡುವುದು?

ಬೆಳಗಾವಿಯವರ ಪ್ರಶ್ನೆ. ಇಬ್ಬರು ಮೂವರು ಇದ್ದಾಗ ತಮ್ಮ ತಮ್ಮ ಮೀಟರಿನಿಂದ ಪಾರ್ಕಿಂಗಿಗೆ ವೈರ್ ಎಳೆದುಕೊಳ್ಳುತ್ತಾರೆ. ಹತ್ತು ಜನ ಆದಾಗ ಗೋಡೆ ತುಂಬ ಪೈಪು. ಮೊದಲೇ ಎಲ್ಲ ಮನೆಯವರು ಕೂತು, ಪಾರ್ಕಿಂಗಿಗೇ ಒಂದು ಪ್ರತ್ಯೇಕ ಸಂಪರ್ಕ ತೆಗೆದುಕೊಳ್ಳಿ. ಒಬ್ಬೊಬ್ಬರಿಗೆ ಸಬ್ ಮೀಟರ್ ಇಡಿ. ಇರುವ ಲೋಡನ್ನು ತಾನೇ ಹಂಚುವ ಚಾರ್ಜರ್‌ಗಳನ್ನು ಹಾಕಿದರೆ 10 ಕಾರಿಗೆ 30 ಕಿಲೋವ್ಯಾಟ್ ಬೇಕಿಲ್ಲ, 10ರಿಂದ 12ರಲ್ಲಿ ರಾತ್ರಿ ಕಳೆಯುತ್ತದೆ. ಇಲ್ಲೂ ಅದೇ ಪಾಳಿ, ಯಂತ್ರ ನೋಡಿಕೊಳ್ಳುತ್ತದೆ ಅಷ್ಟೇ.

ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಹಚ್ಚಬಹುದಾ?

ಅರ್ಧ ಮುಕ್ಕಾಲು ತಾಸು ನೆರಳಲ್ಲಿ ಆರಲಿ. ಪತ್ರಾಸ್ ಶೆಡ್ಡಿನಲ್ಲಿ ಮಧ್ಯಾಹ್ನ ಚಾರ್ಜ್ ಮಾಡಬೇಡಿ, ಒಳಗೆ ಹೊರಗಿಗಿಂತ ಸೆಕೆ. ಮೆಟ್ಟಿಲ ಕೆಳಗೆ, ಮನೆಯಿಂದ ಹೊರಬರುವ ಒಂದೇ ದಾರಿಯಲ್ಲಿ ಗಾಡಿ ಇಟ್ಟು ಚಾರ್ಜ್ ಮಾಡಬೇಡಿ.

ರಾತ್ರಿ ಚಾರ್ಜ್ ಮಾಡಿದರೆ ದರ ಕಡಿಮೆ ಇದೆಯಾ?

2025-26ರಲ್ಲಿ ಮನೆಗೆ ಹಗಲು ರಾತ್ರಿ ಒಂದೇ ದರ. ಹೊತ್ತಿಗೆ ತಕ್ಕ ದರದ ನಿಯಮವನ್ನು ಕೇಂದ್ರ 2023ರ ಜೂನ್‌ನಲ್ಲಿ ತಂದಿದೆ. ಬಿಸಿಲಿನ ತಾಸುಗಳಲ್ಲಿ ಕನಿಷ್ಠ 20% ಕಡಿಮೆ, ಸಂಜೆಯ ರಶ್ಶಿನಲ್ಲಿ ಜಾಸ್ತಿ, ಎಂಬುದು ಅದರ ತಿರುಳು. ಅದು ಮನೆಗಳಿಗೆ ಬರಬೇಕಾದರೆ ಸ್ಮಾರ್ಟ್ ಮೀಟರ್ ಬೇಕು. ಈಗಲೇ ಟೈಮರ್ ಇಟ್ಟು ರೂಢಿ ಮಾಡಿಕೊಂಡವರಿಗೆ ಅದು ಬಂದ ದಿನ ಏನೂ ಬದಲಿಸಬೇಕಾಗುವುದಿಲ್ಲ.

ಟಿಸಿ ದೊಡ್ಡದು ಮಾಡಿಸಲು ಹೇಗೆ ಕೇಳಬೇಕು?

ಬರೀ "ಕರೆಂಟ್ ಸರಿ ಇಲ್ಲ" ಎಂದರೆ ಕೆಲಸ ಆಗುವುದಿಲ್ಲ. ಒಂದು ವಾರ ಸಂಜೆ 7, 8, 9ಕ್ಕೆ ಮನೆಯ ವೋಲ್ಟೇಜ್ ಬರೆದಿಡಿ. ಇನ್ನೂರು ಮುನ್ನೂರು ರೂಪಾಯಿಗೆ ಪ್ಲಗ್ಗಿನ ವೋಲ್ಟ್ ಮೀಟರ್ ಸಿಗುತ್ತದೆ. ಫ್ಯೂಸ್ ಹೋದ ದಿನ, ಹೊತ್ತು ಬರೆಯಿರಿ. ಪ್ರತಿ ಸಲ 1912ಕ್ಕೆ ದೂರು ಕೊಟ್ಟು ನಂಬರ್ ಇಟ್ಟುಕೊಳ್ಳಿ. ಓಣಿಯಲ್ಲಿ ಎಷ್ಟು ಕಾರು, ಎಷ್ಟು ಸ್ಕೂಟರ್, ಯಾರ್ಯಾರು ಈ ವರ್ಷ ಕೊಳ್ಳುವವರಿದ್ದಾರೆ ಎಂದು ಪಟ್ಟಿ ಮಾಡಿ, ಆರ್‌ಆರ್ ನಂಬರ್ ಸಮೇತ ಎಲ್ಲರ ಸಹಿ ಹಾಕಿಸಿ ಸೆಕ್ಷನ್ ಆಫೀಸಿಗೆ ಕೊಡಿ. ಸಂಜೆ ರಶ್ಶಿನ ಹೊತ್ತಿನಲ್ಲೇ ಮೂರೂ ಫೇಸಿನ ಆಂಪಿಯರ್ ಅಳೆಯಿರಿ ಎಂದು ಅರ್ಜಿಯಲ್ಲಿ ಬರೆಯಿರಿ. ಬೆಳಗ್ಗೆ 11ಕ್ಕೆ ಅಳೆದರೆ ಟಿಸಿ ಹಗುರವಾಗಿಯೇ ಕಾಣುತ್ತದೆ. ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬನ್ನಿ.